ಚೆಂಡುಹೂವಿನ ಜೊತೆ ಹೋದ ಕೀಲಿಕೈ

ಚಿತ್ತವಾಡ್ಗಿ, ಹೊಸಪೇಟೆ
೧೨–೧೦–೧೯೩೮

ನಮ್ಮ ಯಜಮಾನರ ಪಾದಗಳಿಗೆ ಪಂಪಮ್ಮ ಶರಣೆಂದು ಬರೆಯುವುದು.

ನಿಮ್ಮ ಹೊಟ್ಟೆನೋವು ಈಗ ಹೇಗಿದೆ? ಮದರಾಸಿನ ನೀರು ಎಲ್ಲರಿಗೂ ಒಗ್ಗುವುದಿಲ್ಲವಂತೆ, ಕಾಯಿಸಿ ಆರಿಸಿ ಕುಡಿಯಿರಿ. ಹೋಟೆಲಿನ ಹುಳಿ ಕಡಿಮೆ ಮಾಡಿ, ಮಜ್ಜಿಗೆ ಸಿಕ್ಕರೆ ಬಿಡಬೇಡಿ. ಮಿಲ್ಲಿಗೆ ಬೇಕಾದ ಹೊಸ ಯಂತ್ರದ ಹಡಗು ಬಂತೋ ಇಲ್ಲವೋ? ಹೊಟ್ಟೆನೋವಿನ ಸಂಗತಿ ನನಗೆ ಹೇಗೆ ಗೊತ್ತಾಯಿತು ಎಂದು ಕೇಳಬೇಡಿ. ನೀವು ಬರೆದದ್ದು ನಿಮ್ಮ ಅಕ್ಕನಿಗೆ. ಅಕ್ಕನಿಗೆ ಓದು ಬಾರದು, ಆದ್ದರಿಂದ ಪಡಸಾಲೆಯಲ್ಲಿ ಕುಳಿತು ಓದಿ ಹೇಳಿದವಳು ನಾನೇ. ಕೊನೆಗೆ ‘ಪಂಪಾಳನ್ನೂ ಕೇಳಿದೆನೆಂದು ಹೇಳು’ ಎಂದು ಒಂದು ಸಾಲು ಇತ್ತಲ್ಲ, ಅದನ್ನೂ ನಾನೇ ಗಟ್ಟಿಯಾಗಿ ಓದಿ ನಾನೇ ಕೇಳಿಸಿಕೊಂಡೆ. ಮೂರು ಕಾಗದಗಳಲ್ಲೂ ಅದೇ ಸಾಲು. ಇರಲಿ.

ಈಗ ಸುದ್ದಿ. ಮೋಟಾರಿನ ಕೀಲಿಕೈ ಕಳೆದುಹೋಯಿತು. ಗಾಬರಿಯಾಗಬೇಡಿ, ಮೋಟಾರಿಗೆ ಏನೂ ಆಗಿಲ್ಲ. ‘ಕೀಲಿಕೈ ನಾನ ಕಳದೆ, ತಪ್ಪು ನಂದು ಅಂತ ತಮ್ಮಗ ಬರಿ’ ಎಂದು ಅಕ್ಕನೇ ಹೇಳಿದ್ದಾರೆ. ಅವರು ಹೇಳಿದಷ್ಟೇ ಬರೆದರೆ ಒಂದು ಕಾರ್ಡು ಸಾಕಾಗುತ್ತಿತ್ತು. ನಾನು ಲಕೋಟೆ ತರಿಸಿದ್ದೇನೆ.

ಆ ಮೋಟಾರನ್ನು ನೀವು ಬಳ್ಳಾರಿಯ ಇಂಜಿನಿಯರ್ ದೊರೆಯಿಂದ ಕೊಂಡಾಗಲೇ ಅದು ಹಳೆಯದು, ಕೀಲಿಕೈಯೂ ಒಂದೇ. ನೀವು ಮದರಾಸಿಗೆ ಹೊರಟ ದಿನ ನಾನು ಬುತ್ತಿಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದೆ, ನೆನಪಿದೆಯೇ? ನೀವು ಜೇಬಿನಿಂದ ಕೀಲಿಕೈ ತೆಗೆದಿರಿ. ನಾನು ಗಂಟನ್ನು ಎಡಗೈಗೆ ಬದಲಾಯಿಸಿ ಬಲಗೈ ಖಾಲಿ ಮಾಡಿಕೊಂಡೆ. ನೀವು ನನ್ನನ್ನು ದಾಟಿ ಒಳಗೆ ಹೋಗಿ ಅಕ್ಕನ ಕೈಗೆ ಕೊಟ್ಟು ಬಂದಿರಿ. ತಾಯಿಯಿಲ್ಲದ ನಿಮ್ಮನ್ನು ಎತ್ತಿ ಬೆಳೆಸಿದವರು, ಗಂಡ ತೀರಿಕೊಂಡ ಮೇಲೆ ಈ ಮನೆಯನ್ನೇ ನಂಬಿ ಬಂದವರು, ಎಲ್ಲ ಗೊತ್ತು ನನಗೆ. ಮದುವೆಯಾದಂದಿನಿಂದ ಅದನ್ನೇ ಕೇಳುತ್ತಿದ್ದೇನೆ. ಗೊತ್ತಿದ್ದರೂ ಹೊಟ್ಟೆ ಉರಿಯುತ್ತದೆ. ಉಪ್ಪಿನಕಾಯಿ ಜಾಡಿಯ ಕೋಣೆ ತೆಗೆಯಲಿಕ್ಕೂ ಅವರ ಸೊಂಟದ ಕೀಲಿಕೈ ಗೊಂಚಲೇ ಬೇಕು. ಹೋಗಲಿ, ಮೋಟಾರಾದರೂ ಈಚೆಗೆ ಬಂದದ್ದು, ನಾನು ಬಂದ ಮೇಲೆ ಬಂದದ್ದು, ಅದಾದರೂ ನನ್ನ ಪಾಲಿಗೆ ಇರಬಹುದು ಎಂದುಕೊಂಡಿದ್ದೆ.

ಕಂಪ್ಲಿಯಲ್ಲಿ ನನ್ನ ಬಸುರಿ ತಂಗಿಯ ಕುಪ್ಪಸದ ದಿನ ಮೋಟಾರು ಕೇಳಿದೆ. ‘ತಮ್ಮ ಬರ್ಲಿ. ಅವ ಇಲ್ದಾಗ ಗಾಡಿ ದೂರ ಒಯ್ಯೋದು ಬ್ಯಾಡ’ ಎಂದರು. ನಾನು ರೇಷ್ಮೆ ಸೀರೆ ಉಟ್ಟು ಕೋಳಿಬುಟ್ಟಿಗಳ ನಡುವೆ ಬಸ್ಸಿನಲ್ಲಿ ಹೋದೆ. ಮುಂದಿನ ಸೋಮವಾರ ಡ್ರೈವರ್ ಮುದುಕಪ್ಪ ಅದೇ ಮೋಟಾರಿನಲ್ಲಿ ಅಕ್ಕನನ್ನು ವಿರೂಪಾಕ್ಷನ ದರ್ಶನಕ್ಕೆ ಕರೆದೊಯ್ದ. ಹಂಪಿ ದೂರವಲ್ಲವಂತೆ.

ಆಯುಧಪೂಜೆಯ ದಿನ ಮೋಟಾರು ತೊಳೆಸಿ, ಬಾಳೆಕಂಬ ಕಟ್ಟಿಸಿ, ಮಿಲ್ಲಿನ ಹೆಬ್ಬಾಗಿಲಿಗೆ ತಂದು ನಿಲ್ಲಿಸಿದರು. ನಟ್ಟು ಬಿಗಿಯುವ ಪಾನೆ, ತೂಕದ ಕಲ್ಲು, ಕುಡುಗೋಲುಗಳ ಜೊತೆ ಕೀಲಿಕೈಯನ್ನೂ ತಟ್ಟೆಯಲ್ಲಿಟ್ಟು, ಅದರ ಮೇಲೆ ಚೆಂಡುಹೂವಿನ ಮಾಲೆ ಸುತ್ತಿದ್ದು ಅಕ್ಕ. ನನ್ನದು ಕುಂಕುಮ ಹಚ್ಚುವ ಕೆಲಸ ಮಾತ್ರ. ಮರುದಿನ ಬನ್ನಿಗೆ ಹೋಗುವ ಹೊತ್ತಿಗೆ ಮುದುಕಪ್ಪ ಕೀಲಿಕೈ ಕೇಳಿದ. ತಟ್ಟೆ ಬರಿದು. ಅಕ್ಕ ನೆಟ್ಟಗೆ ನನ್ನ ಕಡೆಗೆ ತಿರುಗಿದರು. ‘ಪಂಪಾ, ನೀ ತಗಂಡೀಯೇನು?’ ಹಮಾಲರು, ಆಳುಗಳು, ನೆರೆಮನೆಯವರು ಎಲ್ಲ ನಿಂತಿದ್ದಾರೆ. ‘ಇಲ್ರೀ ಅಕ್ಕಾರ’ ಎಂದೆ. ನಾನು ತೆಗೆದುಕೊಳ್ಳಬಹುದು ಎಂದು ಅವರಿಗೆ ಹೊಳೆಯಿತಲ್ಲ, ಅದೇ ನನಗೆ ಇನ್ನೂ ಚುಚ್ಚುತ್ತಿದೆ. ಅವರಿಗೆ ನನ್ನ ಮನಸ್ಸು ಗೊತ್ತಿತ್ತು.

ಆಮೇಲೆ ಅವರೇ ಹಣೆಗೆ ಕೈಹಚ್ಚಿ ಕುಳಿತರು. ಪೂಜೆಯ ಹೂವು ಯಾರೂ ತುಳಿಯಬಾರದೆಂದು ಬೆಳಿಗ್ಗೆ ಎಲ್ಲವನ್ನೂ ತಾವೇ ಬಾಚಿ ಬುಟ್ಟಿಗೆ ತುಂಬಿ, ಬಸವಣ್ಣ ಕಾಲುವೆಗೆ ಬಿಟ್ಟು ಕೈಮುಗಿದು ಬಂದಿದ್ದರು. ಕೀಲಿಕೈಗೆ ಕಟ್ಟಿದ್ದ ದಾರ ಮಾಲೆಗೆ ಸಿಕ್ಕಿಕೊಂಡು ಅದೂ ಹೂವಿನ ಜೊತೆಗೇ ಹೋಗಿತ್ತು. ಆಳುಗಳು ಸೊಂಟದುದ್ದ ನೀರಿಗಿಳಿದು ಕೆಸರು ಕೆದಕಿದರು. ಹೂವು ಸಿಕ್ಕಿತು, ಕೀಲಿಕೈ ಸಿಗಲಿಲ್ಲ. ನಿಮ್ಮಿಂದ ಏಕೆ ಮುಚ್ಚಿಡಲಿ, ನನಗೆ ಅಂದು ಹಬ್ಬದ ಹೋಳಿಗೆ ರುಚಿಸಿತು.

ಆದರೆ ತೊಂದರೆ ಮರುದಿನ ಶುರುವಾಯಿತು. ಚಕ್ರ ಅಡ್ಡ ತಿರುಗಿಸಿ ಕೀಲಿ ಹಾಕಿದ್ದರಿಂದ ಸ್ಟೇರಿಂಗ್ ಅಲ್ಲಾಡದು, ನೂಕಿದರೆ ಮೋಟಾರು ಗೋಡೆಗೇ ಹೋಗುತ್ತದೆ. ಹೆಬ್ಬಾಗಿಲಲ್ಲಿ ಅದು ಅಡ್ಡ ನಿಂತಿತು, ಭತ್ತದ ಬಂಡಿಗಳು ಹೊರಗೆ ಸಾಲುಗಟ್ಟಿದವು. ರೈತರು ಬೇರೆ ಮಿಲ್ಲಿಗೆ ಹೋಗುತ್ತೇವೆ ಎಂದು ಎತ್ತು ತಿರುಗಿಸತೊಡಗಿದರು. ಕೀಲಿ ಒಡೆಯಲೇ ಎಂದು ಮುದುಕಪ್ಪ ಕೇಳಿದರೆ ಅಕ್ಕ, ‘ತಮ್ಮ ಬರೋತನಕ ಯಾರೂ ಮುಟ್ಟಬ್ಯಾಡ್ರಿ’ ಎಂದು ಅಳುತ್ತ ಕುಳಿತರು. ನಾನು ಕಂಪ್ಲಿಗೆ ಆಳು ಕಳಿಸಿ, ನಮ್ಮ ತವರಿನ ಓಣಿಯ ಗಾದಿಲಿಂಗಪ್ಪನನ್ನು ಕರೆಸಿದೆ. ತಿಜೋರಿಯ ಕೀಲಿ ಮಾಡುವವನು. ಅಕ್ಕನನ್ನು ಕೇಳಲಿಲ್ಲ. ಈ ಮನೆಯಲ್ಲಿ ಕೇಳದೆ ನಾನು ಮಾಡಿದ ಮೊದಲ ಕೆಲಸ ಅದು.

ಅವನು ಹಿತ್ತಾಳೆಯ ಪಟ್ಟಿಗೆ ದೀಪದ ಮಸಿ ಹಿಡಿಸಿ, ಕೀಲಿಯೊಳಗೆ ತೂರಿಸಿ ಅಲುಗಿಸಿ, ಮಸಿ ಅಳಿಸಿದ ಕಡೆ ಅರದಿಂದ ತಿಕ್ಕಿ, ಮತ್ತೆ ಮಸಿ ಹಿಡಿಸಿ ತೂರಿಸುತ್ತ ಮಧ್ಯಾಹ್ನ ಕಳೆದ. ಕಡೆಗೆ ‘ಯವ್ವಾ, ನೀನ ತಿರುವು ನೋಡಾಮು’ ಎಂದ. ನಿಮ್ಮ ಜಾಗದಲ್ಲಿ ಕುಳಿತು ನಾನೇ ತಿರುವಿದೆ. ಸ್ಟೇರಿಂಗ್ ಸಡಿಲವಾಯಿತು. ಮುದುಕಪ್ಪ ಇಂಜಿನ್ ಶುರುಮಾಡಿದ, ಬಂಡಿಯವರು ಕೂಗು ಹಾಕಿದರು. ನಾನು ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ನೋಡಿದೆ. ನೋಡಬೇಕೆಂದೇ ನೋಡಿದೆ.

ಅಂದು ಸಂಜೆ ಅಕ್ಕ ಸೊಂಟದ ಗೊಂಚಲು ಬಿಚ್ಚಿ ನನ್ನ ಉಡಿಗೆ ಹಾಕಿದರು. ‘ಇವನ್ನೂ ನೀನ ಇಟ್ಕಳವ್ವ. ನನ್ ಕೈಯಾಗ ಇನ್ನ ಏನೂ ನಿಲ್ಲಂಗಿಲ್ಲ’ ಎಂದರು. ಹಬ್ಬದಿಂದ ಸರಿಯಾಗಿ ಉಂಡಿಲ್ಲ, ಮುಖ ಇಳಿದಿತ್ತು. ಇಷ್ಟು ವರ್ಷ ನಾನು ಕಣ್ಣಿಟ್ಟಿದ್ದ ಗೊಂಚಲು, ಅವರ ಮೈಬಿಸಿ ಇನ್ನೂ ಅದರಲ್ಲಿತ್ತು. ಎತ್ತಿ ಅವರ ಕೈಗೇ ಕೊಟ್ಟೆ. ನನ್ನನ್ನು ದೊಡ್ಡ ಮನಸ್ಸಿನವಳು ಎಂದುಕೊಳ್ಳಬೇಡಿ. ಅವರು ಸೋತು ಕೊಟ್ಟದ್ದು ನನಗೆ ಬೇಡ. ನನಗೆ ಬೇಕಿದ್ದದ್ದು ನೀವು ಕೊಡುವುದು.

ಅಕ್ಕ ಈಗ ಉಣ್ಣುತ್ತಿದ್ದಾರೆ, ನಾನೇ ಎದುರಿಗೆ ಕುಳಿತು ಬಡಿಸುತ್ತೇನೆ. ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ. ಬರೆಯದೆ ಬಿಡೋಣ ಎಂದುಕೊಂಡಿದ್ದೆ, ಬರೆದಿದ್ದೇನೆ. ವಿರೂಪಾಕ್ಷ ನಿಮ್ಮನ್ನು ಕಾಯಲಿ. ದೀಪಾವಳಿಗೆ ಬಂದುಬಿಡಿ.

ಇಂತಿ ನಿಮ್ಮ
ಪಂಪಮ್ಮ

ತಾ.ಕ.: ಟಪ್ಪಾಲಿನ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಗಾದಿಲಿಂಗಪ್ಪ ಎರಡು ಕೀಲಿಕೈ ಮಾಡಿಕೊಡುತ್ತೇನೆ ಎಂದ. ನಾನು ಒಂದೇ ಸಾಕು ಎಂದೆ. ಅದು ನನ್ನ ಸೆರಗಿನ ಗಂಟಿನಲ್ಲಿದೆ. ನೀವು ಬಂದ ಮೇಲೆ ಮೋಟಾರು ತೆಗೆಯಬೇಕಾದರೆ ನನ್ನನ್ನು ಕೇಳಬೇಕು. ಕೋಣೆಯಲ್ಲಿ ಮೆಲ್ಲಗೆ ಕೇಳಿದರೆ ಕೊಡುವುದಿಲ್ಲ. ಪಡಸಾಲೆಯಲ್ಲಿ, ಅಕ್ಕ ಕುಳಿತಿರುವಾಗ, ನನ್ನ ಹೆಸರು ಹಿಡಿದು ಕೇಳಿ.