ಅರಿಶಿನದ ರಾಶಿಯ ಮುಂದೆ ಒಬ್ಬ ನೋಡುಗ

ಬಿಬವೇವಾಡಿ, ಪುಣೆ
೧೬ ಫೆಬ್ರವರಿ ೨೦೨೫

ಪ್ರೀತಿಯ ಇಂದೂ,

ನೀನೂ ಮಗುವೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಮೆಸೇಜಿಗೆ ಮೂರು ವಾರ ಉತ್ತರಿಸಲಿಲ್ಲ, ಬೈಯಬೇಡ. ಫೋನಿನಲ್ಲಿ ನನಗೆ ಮಾತು ಬಾರದೆಂಬುದು ಧಾರವಾಡದ ಹಾಸ್ಟೆಲಿನಲ್ಲಿ ಎರಡು ವರ್ಷ ಒಂದೇ ಕೋಣೆಯಲ್ಲಿದ್ದ ನಿನಗೆ ಗೊತ್ತು. ಅದಕ್ಕೇ ಈ ಕಾಗದ.

ನೀನು ಕೇಳಿದ್ದಿಷ್ಟೇ: "ನಿನ್ನ ಬ್ಲಾಗಿನ್ಯಾಗ ಅರಿಷಿಣ ಮುಟ್ಟಿದ ಆ ನೋಡುಗ ಯಾರಲೇ ಶೀತಲ್?"

ನನ್ನ ಅಪ್ಪ.

ನೀನೇ ಶುರುಮಾಡಿಕೊಟ್ಟ ಬ್ಲಾಗಿಗಾಗಿ ಈಗ ಪ್ರತಿ ಶನಿವಾರ ಒಂದು ಗ್ಯಾಲರಿಗೆ ಹೋಗುತ್ತೇನೆ. ಮೂಲೆಯಲ್ಲಿ ನಿಂತು ನೋಡಿ, ಯಾರೊಡನೆಯೂ ಮಾತಾಡದೆ ಮನೆಗೆ ಬಂದು ಬರೆಯುತ್ತೇನೆ. ಆದರೆ ಕೋರೆಗಾಂವ್ ಪಾರ್ಕಿನ ಗ್ಯಾಲರಿಯ ಆ ದಿನವನ್ನು ಹೇಗೆ ಹೇಳಲಿ! ದೊಡ್ಡ ಬಿಳಿ ಕೋಣೆ, ಅಂಚಿಗೆ ಕಂಬ, ನಡುವೆ ಎದೆಯೆತ್ತರದ ಅರಿಶಿನದ ರಾಶಿ, ಇನ್ನೇನೂ ಇಲ್ಲ. ಚಾವಣಿಗೆ ತೂಗುಹಾಕಿದ ತೆಳುಬಟ್ಟೆಯ ಚೀಲದಿಂದ ಪುಡಿ ಸೋಸಿ ಸೋಸಿ ಬೀಳುತ್ತಲೇ ಇತ್ತು. ಸದ್ದಿಲ್ಲ. ಮೇಲಿನ ಗಾಜಿನಿಂದ ಇಳಿದ ಬಿಸಿಲು ರಾಶಿಗೆ ತಾಗಿ ಗೋಡೆಗಳೂ ನಮ್ಮ ಮುಖಗಳೂ ಹಳದಿಯಾಗಿದ್ದವು. ಒಳಗೆ ಬಂದವರು ತಾವಾಗಿಯೇ ದನಿ ತಗ್ಗಿಸುತ್ತಿದ್ದರು. ಅರ್ಧ ಗಂಟೆ ನನ್ನ ನೋಟುಪುಸ್ತಕದಲ್ಲಿ ಒಂದು ಸಾಲೂ ಮೂಡಲಿಲ್ಲ.

ಅಪ್ಪ ಸ್ಕೂಟರಿನಲ್ಲಿ ನನ್ನನ್ನು ಬಿಡಲು ಬಂದವರು. "ಅರಿಷಿಣ ಅಂದೆಲ್ಲ, ನಾನೂ ನೋಡತೀನಿ ನಡಿ" ಎಂದು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಬಂದರು. ಮೂವತ್ತು ವರ್ಷ ಮಾರ್ಕೆಟ್ ಯಾರ್ಡಿನ ಅರಿಶಿನದ ಅಂಗಡಿಯಲ್ಲಿ ದುಡಿದವರು. ಅಲ್ಲಿ ಮುಟ್ಟದೆ ನೋಡುವುದು ನೋಡುವುದೇ ಅಲ್ಲ. ನೇರ ಹೋಗಿ ಮೂರು ಬೆರಳಲ್ಲಿ ಚಿಟಿಕೆ ತೆಗೆದು, ಉಜ್ಜಿ, ಮೂಸಿದರು. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ, ಜೇಜುರಿಯ ಗುಡಿಯಲ್ಲಿ ಭಂಡಾರದ ಅರಿಶಿನ ಹಚ್ಚಿಕೊಳ್ಳುವ ಹಾಗೆ "ಏಳುಕೋಟಿ" ಎಂದು ದೇವರನ್ನು ನೆನೆದು ಹಣೆಗೆ ಬಳಿದುಕೊಂಡರು.

"ಕಾಕಾ! ಹಾತ್ ಲಾವೂ ನಕಾ!" ಮುಟ್ಟಬೇಡಿ ಎಂದು ಕಾವಲುಗಾರ ಕೂಗಿದ. ಕೋಣೆಗೆ ಕೋಣೆಯೇ ತಿರುಗಿ ನೋಡಿತು.

ಗದ್ದಲ ಕೇಳಿ ಒಳಗಿನಿಂದ ಕಲಾವಿದೆ ಮಾಧುರಿ ಬಂದರು. ಅವರ ತಾಯಿಯ ಕಡೆಯವರು ಅಥಣಿಯವರಂತೆ. ಅಪ್ಪನ ಗೊಣಗಾಟ ಕೇಳಿ ಕನ್ನಡದಲ್ಲೇ ಮಾತಾಡಿಸಿದರು.

"ಮಾಲು ಹ್ಯಾಂಗ ಅದರಿ, ಕಾಕಾ?"

"ಛಲೋ ಅದ್ರಿ ಬಾಯಾರ. ಸಾಂಗ್ಲಿದು, ಹೊಸಾದು. ಆದ್ರ ಬಿಸಲಾಗ ಯಾಕ ಇಟ್ಟೀರಿ? ತಿಂಗಳದಾಗ ಬಣ್ಣ ಹಾರಿಹೋಗ್ತದ."

"ಹಾರಿಹೋಗೂದನ್ನ ನೋಡ್ಲಿ ಅಂತನ ಇಟ್ಟೀನ್ರಿ. ಹತ್ತು ದಿನದಾಗ ನೀವೊಬ್ರ ಹೇಳಿದ್ರಿ ನೋಡ್ರಿ."

ಇಂದೂ, ಅಪ್ಪನ ಬೆರಳಿನ ಮೂರು ಗುಳಿಗಳು ರಾಶಿಯಲ್ಲಿ ಉಳಿದಿದ್ದವು. ಮೇಲಿಂದ ಬೀಳುವ ಪುಡಿ ನಮ್ಮ ಕಣ್ಣೆದುರೇ ಅವನ್ನು ತುಂಬುತ್ತ ಬಂತು. ಅವರಿಬ್ಬರೂ ಅದನ್ನೇ ನೋಡುತ್ತ ನಿಂತಿದ್ದರು. ನಾನು ಕಂಬದ ಪಕ್ಕದಿಂದ ನೋಡಿದೆ. ಅಷ್ಟನ್ನು ಮಾತ್ರ ಬ್ಲಾಗಿಗೆ ಬರೆದೆ. ಜನ ಓದಿದರು, ಹೊಗಳಿದರು.

ಮನೆಯಲ್ಲಿ ಅಪ್ಪನ ಹಣೆ, ಅಂಗಿ ನೋಡಿ ಅವ್ವ, "ಚಿತ್ರ ನೋಡಾಕ ಹೋಗಿದ್ರೋ, ಅರಿಷಿಣ ಹಚ್ಚಿಸಿಕೊಂಡು ಮದಿಮಗ ಆಗಾಕ ಹೋಗಿದ್ರೋ?" ಎಂದಳು. ಅಪ್ಪ ನಕ್ಕರು.

ನಿನ್ನ ಮಗುವಿಗೆ ಬೆರಗಾಗುವ ಕಣ್ಣು ಜೀವನವಿಡೀ ಹಾಗೇ ಉಳಿಯಲಿ.

ನಿನ್ನ,
ಶೀತಲ್

ತಾ.ಕ.: ಮೊನ್ನೆ ಅಪ್ಪ ಬ್ಲಾಗು ಓದಿ, "'ಒಬ್ಬ ನೋಡುಗ' ಅಂತ ಭಾಳ ಛಂದ ಬರದೀಯವ್ವಾ" ಎಂದರು. ಆ ಪದ ತೆಗೆದು 'ನನ್ನ ಅಪ್ಪ' ಎಂದು ಹಾಕಲು ಕುಳಿತೆ, ಕೈ ಏಳಲಿಲ್ಲ. ಹಾಕಿದರೆ ಇದನ್ನೂ ಬರೆಯಬೇಕು: ಕಾವಲುಗಾರ ಕೂಗಿದ ಮೇಲೆ, ಇವರ ಜೊತೆ ಯಾರು ಬಂದಿದ್ದೀರಿ ಎಂದು ಎರಡು ಸಲ ಕೇಳಿದ. ನಾನು ಕಂಬದ ಕಡೆ ಸರಿದು, ಖಾಲಿ ಪುಟದ ಮೇಲೆ ಬಗ್ಗಿ ಏನೋ ಬರೆಯುವವಳ ಹಾಗೆ ನಿಂತೆ. ಅಪ್ಪ ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಅವನಿಗೆ, ಯಾರೂ ಇಲ್ಲ, ನಾನೊಬ್ಬನೇ ಬಂದಿದ್ದೇನೆ, ಎಂದರು.