ವೇಬ್ರಿಡ್ಜ್ ಮೇಲೆ ನಮ್ಮ ಮನೆ

ವೇಬ್ರಿಡ್ಜ್ ಕಚೇರಿಯ ಹಿಂದಿನ ಬಯಲು,
ಶನಿವಾರ, ೧೪ ಸೆಪ್ಟೆಂಬರ್, ಮಧ್ಯಾಹ್ನ

ಪ್ರೀತಿಯ ಮಗಳೇ,

ನೀನೂ ನಮ್ಮ ಪಿಟೀಲೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಹೊಲಿಗೆ ಬಿಚ್ಚಿದ ಮೇಲೆ ಅವಳ ಹಣೆಯ ಗಾಯ ಪೂರ್ತಿ ಮಾಗಿತೇ? ಮೂರೇ ಹೊಲಿಗೆಯಾದರೂ ಹುಬ್ಬಿಗೆ ಅಷ್ಟು ಹತ್ತಿರ. ಕಲೆ ಉಳಿದೀತೇನೋ ಎಂದು ದಿನಾ ಯೋಚಿಸುತ್ತೇನೆ. ರಾಗ ಎಳೆದು ಅಳುವುದು ಸ್ವಲ್ಪ ಕಡಿಮೆಯಾಯಿತೇ, ಅಥವಾ ಇಟ್ಟ ಹೆಸರು ಉಳಿಸಿಕೊಂಡೇ ಇದ್ದಾಳೆಯೇ? ನಿನ್ನ ಅಕ್ಕನ ಮಂಡಿನೋವು ಹೇಗಿದೆ? ಆ ಇಕ್ಕಟ್ಟಾದ ಹೊಲಿಗೆ ಅಂಗಡಿಯ ಮೇಲಿನ ಕೋಣೆಯಲ್ಲಿ ಏಳು ವಾರದಿಂದ ನಿಮ್ಮಿಬ್ಬರಿಗೂ ಜಾಗ ಮಾಡಿಕೊಟ್ಟಿದ್ದಾಳೆ, ದೊಡ್ಡ ಮನಸ್ಸು. ನನ್ನ ಬಿಪಿ ವಿಚಾರ ಮಾತ್ರ ಕೇಳಬೇಡ. ಗುರುವಾರ ಬೆಳಿಗ್ಗೆ ಹತ್ತು ಗಂಟೆಯವರೆಗೆ ಸರಿಯಾಗಿಯೇ ಇತ್ತು.

ಮೇಲಿನ ವಿಳಾಸ ನೋಡಿ ಗಾಬರಿಯಾಗಬೇಡ, ನನ್ನ ಮಗನಿಗೆ, ಅಂದರೆ ನಿನ್ನ ಗಂಡನಿಗೆ, ಏನೂ ಆಗಿಲ್ಲ. ಆಗಿದ್ದೆಲ್ಲ ನನಗೇ. ಎರಡು ದಿನವಾದರೂ ಎದೆ ಇನ್ನೂ ಸ್ತಿಮಿತಕ್ಕೆ ಬಂದಿಲ್ಲ. ಅಕ್ಷರ ಸೊಟ್ಟಗಾಗಿದ್ದರೆ ಹೊಂದಿಸಿಕೊಂಡು ಓದು.

ಗುರುವಾರ ಹಿಟ್ಟಿನ ಗಿರಣಿಯ ತೂಕದ ಯಂತ್ರಗಳನ್ನು ಸರಿಮಾಡಿ ಮುಗಿಸಿ, ಸಿಮೆಂಟ್ ಗೋದಾಮಿನ ಕೆಲಸಕ್ಕೆ ಹೊರಟಿದ್ದೆವು. ಅವನು ಮುಂದೆ ಪಿಕಪ್ಪಿನಲ್ಲಿ, ನಾನು ಎಂದಿನಂತೆ ಹಿಂದೆ ನಮ್ಮ ಮನೆಯೇ ಆಗಿರುವ ಟ್ರೇಲರಿನೊಳಗೆ ಮಡಚುವ ಮೇಜಿನ ಮುಂದೆ ಕೂತು ಬಟಾಣಿ ಸುಲಿಯುತ್ತಿದ್ದೆ. ಗಾಡಿ ನಿಧಾನವಾಗಿ ಎಡಕ್ಕೆ ತಿರುಗಿ ನಿಂತಿತು. ಪೆಟ್ರೋಲಿಗೆ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಕಿವಿಯ ಹಿಂದೆ ಪೆನ್ನು ಸಿಕ್ಕಿಸಿಕೊಂಡ, ಖಾಕಿ ಅಂಗಿಯ ಒಬ್ಬ ಹೆಂಗಸು ನಿಂತಿದ್ದಳು. ಹೆದ್ದಾರಿಯ ತಪಾಸಣೆ ಅಧಿಕಾರಿಯಂತೆ, ನಿನ್ನಷ್ಟೇ ವಯಸ್ಸಿರಬಹುದು. ಅವಳು ನನ್ನನ್ನು ನೋಡಿದಳು, ಮಡಿಲಲ್ಲಿದ್ದ ಬಟಾಣಿ ಸಿಪ್ಪೆ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು.

"ಅಜ್ಜೀ, ಗಾಡಿ ಓಡ್ತಿರುವಾಗ ನೀವು ಇದರೊಳಗೇ ಇದ್ರಾ?" ಎಂದು ಕೇಳಿದಳು.

ಇದು ನನ್ನ ಮನೆಯಮ್ಮಾ, ಇನ್ನೆಲ್ಲಿರಲಿ ಎಂದೆ. ಅಷ್ಟಕ್ಕೇ ಬಾಯಿ ಮುಚ್ಚಿಕೊಳ್ಳಬಾರದಿತ್ತೇ? ಜಂಬದಿಂದ ಮೇಲಿನ ಹಲಗೆಯನ್ನೂ ತೋರಿಸಿ, ನನ್ನ ಮೊಮ್ಮಗಳು ಅಲ್ಲಿ ಮಲಗುತ್ತಾಳೆ, ಗಾಡಿ ಹೊರಟರೆ ತೊಟ್ಟಿಲಲ್ಲಿ ಹಾಕಿದ ಹಾಗೆ ನಿದ್ದೆ ಬರುತ್ತದೆ ಎಂದುಬಿಟ್ಟೆ. ಅವಳ ಮುಖದಲ್ಲಿದ್ದ ನಗು ಮಾಯವಾಯಿತು. ಹೊಸಿಲ ಮೇಲೆ ಕೂತು, ಮಕ್ಕಳಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. ಟ್ರೇಲರ್ ಓಡುವಾಗ ಅದರೊಳಗೆ ಯಾರೂ ಇರಬಾರದಂತೆ, ನಾಯಿಮರಿ ಕೂಡ. ಇದರ ಗೋಡೆಗಳು ನೋಡಲಿಕ್ಕಷ್ಟೇ ಗೋಡೆ, ಮಗುಚಿಕೊಂಡರೆ ಬೆಂಕಿಪೊಟ್ಟಣ ಬಿಚ್ಚಿದ ಹಾಗೆ ಬಿಚ್ಚಿಕೊಳ್ಳುತ್ತವಂತೆ. ಅಂಥದ್ದನ್ನು ಅವಳು ಎರಡು ಸಲ ಕಣ್ಣಾರೆ ಕಂಡಿದ್ದಾಳೆ. ಎರಡನೆಯ ಸಲದ್ದನ್ನು ಹೇಳಲು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು. ಆರು ವರ್ಷ ನಾನು ಅಲ್ಲಿ ಕೂತು ತರಕಾರಿ ಹೆಚ್ಚಿದ್ದೇನೆ. ಮಗು ಅಮ್ಮನ ಜೊತೆ ಮುಂದೆ ಕೂರಲಿ ಎಂದು ನೀನು ಎಷ್ಟು ಸಲ ಹೇಳಿದ್ದೆ, ಪ್ರತಿ ಸಲವೂ ಅವಳನ್ನು ಒಳಗೆ ಎಳೆದುಕೊಂಡವಳು ನಾನು.

ಆಮೇಲೆ ತೂಕ. ಹಾದುಹೋಗುವಾಗ ನಮ್ಮ ಟ್ರೇಲರಿನ ಹಿಂಭಾಗ ತಗ್ಗಿದ್ದು ಅವಳ ಕಣ್ಣಿಗೆ ಬಿದ್ದಿದ್ದರಿಂದಲೇ ನಿಲ್ಲಿಸಿದ್ದಂತೆ. ಮೊದಲು ಪಿಕಪ್ ಒಂದನ್ನೇ, ಆಮೇಲೆ ಟ್ರೇಲರ್, ಆಮೇಲೆ ಎರಡನ್ನೂ ಸೇರಿಸಿ ಲಾರಿ ತೂಗುವ ವೇಬ್ರಿಡ್ಜ್ ಮೇಲೆ ಹತ್ತಿಸಿದರು. ನಿನ್ನ ಗಂಡ ಜೇಬಿನಲ್ಲಿ ಕೈಯಿಟ್ಟುಕೊಂಡು ತಮಾಷೆ ಮಾಡುತ್ತಿದ್ದ. ಊರೂರಿನ ತಕ್ಕಡಿಯ ಕಳ್ಳತನ ಹಿಡಿಯುವವನಲ್ಲವೇ, ಈ ಯಂತ್ರ ಸರಿಯಾಗಿದೆ ಅಂತ ಏನು ಖಾತ್ರಿ, ಕೊನೆಯ ಸಲ ಪರೀಕ್ಷೆ ಮಾಡಿಸಿದ್ದು ಯಾವಾಗ ಎಂದು ಜೋರಾಗಿಯೇ ಕೇಳಿದ. ಅವಳು ಯಂತ್ರದ ಪಕ್ಕಕ್ಕೆ ಅಂಟಿಸಿದ್ದ ಚೀಟಿಯನ್ನು ಬೆರಳಿಂದ ತೋರಿಸಿದಳು.

"ಮಾರ್ಚ್ ತಿಂಗಳಲ್ಲಿ. ಸಹಿ ನಿಮ್ಮದೇ ಇದೆಯಲ್ಲ, ನೋಡಿ."

ಬೇರೆ ಯಾವತ್ತಾದರೂ ಆಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಯಂತ್ರ ನಾಲ್ಕು ಟನ್ ಎಂಟುನೂರ ಅರವತ್ತು ಕಿಲೋ ತೋರಿಸುತ್ತಿತ್ತು. ಸಾಧಾರಣ ಕಾರಿನ ಲೈಸೆನ್ಸ್ ಇದ್ದವರು ಎಳೆಯುವ ಗಾಡಿ, ಹಿಂದಿನ ಟ್ರೇಲರ್ ಎರಡೂ ಸೇರಿ ಮೂರೂವರೆ ಟನ್ ದಾಟಬಾರದಂತೆ. ಅದಕ್ಕಿಂತ ದೊಡ್ಡದಕ್ಕೆ ಬೇರೆ ದರ್ಜೆಯ ಲೈಸೆನ್ಸ್ ಬೇಕು. ಅದಕ್ಕೆ ಕಣ್ಣಿನ ಪರೀಕ್ಷೆ, ಪ್ರಶ್ನೆಪತ್ರಿಕೆ, ಕೊಂಡಿ ಸಿಕ್ಕಿಸಿ ಸರಪಳಿ ಹಾಕಿ ಬ್ರೇಕಿನ ತಂತಿ ಜೋಡಿಸಿ ತೋರಿಸುವುದು, ಕೊನೆಗೆ ರಸ್ತೆಯಲ್ಲಿ ಓಡಿಸಿ, ಕಂಬಗಳ ನಡುವೆ ಹಿಮ್ಮುಖವಾಗಿ ನಿಲ್ಲಿಸುವುದು. ಟ್ರೇಲರ್ ಮಾರಿದವನು ಕೊಟ್ಟ ಪುಸ್ತಕದಲ್ಲಿದ್ದ ಖಾಲಿ ತೂಕವನ್ನು ಇವನು ಹೇಳಿದ. ಖಾಲಿಯಾಗಿ ಯಾರು ಸಂಸಾರ ಮಾಡ್ತಾರೆ ಎಂದು ಅವಳು ಕೇಳಿದಳು. ಪಾತ್ರೆ, ಹಾಸಿಗೆ, ನೀರಿನ ಟ್ಯಾಂಕು, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮಂಚದ ಕೆಳಗೆ ಸಾಲಾಗಿ ಜೋಡಿಸಿದ, ಯಂತ್ರಗಳ ಮೇಲಿಟ್ಟು ಪರೀಕ್ಷಿಸುವ ಕಬ್ಬಿಣದ ತೂಕಗಳು. ಅವನ ಕಸುಬಿನ ಜೀವಾಳವೇ ಅವು, ಲೆಕ್ಕಕ್ಕೆ ಹಿಡಿಯದ್ದೂ ಅವನ್ನೇ.

ಮಗಳೇ, ಅವಳು ಆಮೇಲೆ ಹೇಳಿದ ಮಾತನ್ನು ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ. ಬಾಲದ ಕಡೆ ಇಷ್ಟು ಭಾರ ತುಂಬಿ ಇಳಿಜಾರಿನಲ್ಲಿ ಬಂದರೆ ಟ್ರೇಲರ್ ತಾನಾಗಿಯೇ ಆ ಕಡೆ ಈ ಕಡೆ ಬಡಿದಾಡಲು ಶುರುಮಾಡುತ್ತದಂತೆ. ಯಾವತ್ತಾದರೂ ಹಾಗಾಗಿತ್ತೇ ಎಂದು ಕೇಳಿದಳು. ಅವನು ಬಗ್ಗಿ ಟೈರು ನೋಡತೊಡಗಿದ. ಉತ್ತರ ನಾನು ಕೊಟ್ಟೆ. ಬೀರುವಿನ ಬಾಗಿಲು ಕಿತ್ತುಕೊಂಡು ಬಂದದ್ದು, ಮಗು ಮೇಲಿನ ಹಲಗೆಯಿಂದ ಮೇಜಿನ ಅಂಚಿಗೆ ಬಿದ್ದದ್ದು, ರಕ್ತ, ಎಲ್ಲ ಹೇಳಿದೆ. ಅಂದು ಗಾಳಿಗೆ ಹಾಗಾಯಿತು ಎಂದನಲ್ಲ ಇವನು. ನೀನು ರಸ್ತೆ ಬದಿಯಲ್ಲಿ ಮಗುವಿನ ಹಣೆಗೆ ಸೆರಗು ಒತ್ತಿ ಹಿಡಿದುಕೊಂಡು, ಮೊದಲು ಇದನ್ನು ತೂಕ ಮಾಡಿಸಿ, ಆಮೇಲೆಯೇ ನಾನು ಹತ್ತುವುದು ಎಂದೆ. ನಾನೇನೆಂದೆ, ನೆನಪಿದೆಯೇ? ಗಾಳಿ ಬೀಸಿದ್ದಕ್ಕೆ ಗಂಡನನ್ನು ಬೈಯುತ್ತಾರೆಯೇ ಎಂದೆ. ನೀನು ಮಗುವನ್ನೆತ್ತಿಕೊಂಡು ಬಸ್ಸು ಹತ್ತಿದೆ. ಇವಳದ್ದು ಅತಿಯಾಯಿತು ಎಂದು ಏಳು ವಾರ ಮನಸ್ಸಿನಲ್ಲೇ ಗೊಣಗಿಕೊಂಡೆನಲ್ಲ, ವೇಬ್ರಿಡ್ಜಿನ ಅಂಗಳದಲ್ಲಿ ನಿಂತಾಗ ನನಗೆ ನನ್ನ ಮೇಲೇ ಅಸಹ್ಯವಾಯಿತು.

ಇಷ್ಟಾದರೂ, ಪಾಪ ತಿಳಿಯದೆ ಮಾಡಿದ ಎಂಬ ಸಮಾಧಾನ ಒಂದಿತ್ತು. ಅದೂ ಹತ್ತು ನಿಮಿಷವಷ್ಟೇ. ಗಾಡಿಯ ಕಾಗದಪತ್ರ ಕೇಳಿದ್ದರಿಂದ ಒಳಗೆ ಹೋಗಿ ಅವನ ಡ್ರಾಯರ್ ಎಳೆದೆ. ಇನ್ಶೂರೆನ್ಸ್ ಕಾಗದದ ಅಡಿಯಲ್ಲಿ ಲೈಸೆನ್ಸ್ ಕಚೇರಿಯ ಮೊಹರಿದ್ದ ಒಂದು ಲಕೋಟೆ ಸಿಕ್ಕಿತು. ನಾಲ್ಕು ವರ್ಷ ಹಿಂದಿನದು. ನಿಯಮ ಬದಲಾಗಿದೆ, ನಿಮ್ಮ ಟ್ರೇಲರ್ ದೊಡ್ಡ ದರ್ಜೆಯದು, ಒಂದು ವರ್ಷದೊಳಗೆ ಬಂದು ಪರೀಕ್ಷೆ ಕೊಡಬೇಕು ಎಂದು ಸ್ಪಷ್ಟವಾಗಿ ಬರೆದಿದ್ದರು. ಅವನಿಗೆ ಗೊತ್ತಿತ್ತು. ನಾಲ್ಕು ವರ್ಷ ಗೊತ್ತಿತ್ತು. ಗೊತ್ತಿದ್ದೂ ನಿನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹೆತ್ತ ತಾಯಿಯನ್ನೂ ಹೆತ್ತ ಮಗಳನ್ನೂ ಹಿಂದೆ ತುಂಬಿಕೊಂಡು ಊರಿಂದೂರಿಗೆ ಓಡಿಸಿದ.

ಅವನನ್ನು ಬೈಯಲಿಲ್ಲ. ಕಾಗದವನ್ನು ಅವನ ಕೈಗಿಟ್ಟೆ. ತಲೆ ತಗ್ಗಿಸಿಕೊಂಡು ಅವನೇ ಬಾಯಿಬಿಟ್ಟ. ಅವನಿಗೆ ರಿವರ್ಸ್ ಬರುವುದಿಲ್ಲವಂತೆ. ಟ್ರೇಲರ್ ಸಿಕ್ಕಿಸಿದ ಮೇಲೆ ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದರೆ ಬಾಲ ಬಲಕ್ಕೆ ಹೋಗುತ್ತದೆ, ಅಲ್ಲಿಗೆ ಅವನ ತಲೆ ಕೆಲಸ ಮಾಡುವುದಿಲ್ಲ. ಯಾವ ಊರಿಗೆ ಹೋದರೂ ನೇರ ಒಳಗೆ ಹೋಗಿ ನೇರ ಹೊರಗೆ ಬರುವ ಮೈದಾನವನ್ನೇ ಹುಡುಕುತ್ತಿದ್ದನಲ್ಲ, ಎಷ್ಟು ಮುಂದಾಲೋಚನೆ ನನ್ನ ಮಗನಿಗೆ ಎಂದು ನಾನು ಕಂಡಕಂಡವರ ಮುಂದೆ ಹೊಗಳಿದ್ದೆ. ಪರೀಕ್ಷೆಯಲ್ಲಿ ಫೇಲಾದರೆ ನಿನ್ನ ಮುಂದೆ ಮುಖ ತೋರಿಸುವುದು ಹೇಗೆ ಎಂದು ಲಕೋಟೆಯನ್ನು ಅಡಗಿಸಿಟ್ಟನಂತೆ. ಇಡೀ ದಿನ ಬೇರೆಯವರ ಯಂತ್ರಕ್ಕೆ ಪಾಸು ಫೇಲು ಹಾಕುವವನಿಗೆ ತನ್ನ ಫೇಲು ನುಂಗಲಾಗದು, ನೋಡು.

ಈಗ ನಮ್ಮ ಮನೆ ಕಚೇರಿಯ ಹಿಂದಿನ ಬಯಲಿನಲ್ಲಿ, ಚಕ್ರಕ್ಕೆ ಅಡ್ಡಕಟ್ಟಿಗೆ ಕೊಟ್ಟುಕೊಂಡು ನಿಂತಿದೆ. ತೂಕಗಳನ್ನೆಲ್ಲ ಇಳಿಸಿ ಕಚೇರಿಯ ಕೋಣೆಯಲ್ಲಿಟ್ಟಿದ್ದಾರೆ, ಅವು ಇನ್ನು ಬಾಡಿಗೆ ಲಾರಿಯಲ್ಲಿ ಬೇರೆಯಾಗಿಯೇ ಹೋಗಬೇಕು. ಅವನ್ನಿಳಿಸಿದರೂ ಟ್ರೇಲರ್ ಸಾಧಾರಣ ಲೈಸೆನ್ಸಿನ ಮಿತಿಗೆ ಇಳಿಯುವುದಿಲ್ಲ. ಮೂರು ವಾರದ ನಂತರ ಅವನ ಪರೀಕ್ಷೆ. ಪಕ್ಕದ ಅಂಗಳದಲ್ಲಿ ಒಬ್ಬ ನಿವೃತ್ತ ಲಾರಿ ಡ್ರೈವರ್ ತನ್ನ ಹಳೆಯ ಟ್ರೇಲರಿನಲ್ಲಿ ರಿವರ್ಸ್ ಕಲಿಸುತ್ತಿದ್ದಾನೆ. ಬೆಳಿಗ್ಗೆಯಿಂದ ನಾಲ್ಕು ಖಾಲಿ ಡ್ರಮ್ಮುಗಳನ್ನು ಉರುಳಿಸಿದ್ದಾನೆ ನಿನ್ನ ಗಂಡ. ಪ್ರತಿ ಸಲ ಇಳಿದು, ತಾನೇ ಎತ್ತಿ ನಿಲ್ಲಿಸಿ, ಮತ್ತೆ ಹತ್ತುತ್ತಾನೆ. ಅಷ್ಟು ಮಾತ್ರ ನಿನಗೆ ತಿಳಿದಿರಲಿ ಎಂದು ಬರೆದೆ, ಅವನ ಪರ ವಕಾಲತ್ತಲ್ಲ. ನೀನು ಹೋದದ್ದು ಸರಿ. ಅಂದು ಆ ಮನೆಯಲ್ಲಿ ಬುದ್ಧಿ ನೆಟ್ಟಗಿದ್ದವಳು ನೀನೊಬ್ಬಳೇ.

ನಿನ್ನ ಅಕ್ಕನಿಗೆ ನನ್ನ ನಮಸ್ಕಾರ ತಿಳಿಸು. ಪಿಟೀಲಿನ ಹಣೆಗೆ, ಗಾಯವಿದ್ದ ಜಾಗ ಬಿಟ್ಟು, ನನ್ನದೊಂದು ಮುತ್ತು. ನಿನಗೆ ಹರಸುವ ಹಕ್ಕು ನನಗೆ ಉಳಿದಿದೆಯೋ ಇಲ್ಲವೋ ಕಾಣೆ, ಆದರೂ ನೂರು ವರ್ಷ ಚೆನ್ನಾಗಿರು.

ಇಂತು,
ನಿನ್ನ ಅತ್ತೆ

ತಾ.ಕ. — ಸೋಮವಾರ ಬೆಳಿಗ್ಗೆ. ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಟ್ರೇಲರ್ ಬಿಡಿಸಿಕೊಳ್ಳಲು ಬೇರೆ ದಾರಿಯಿದೆಯೇ ಎಂದು ಕೇಳಲು ಹೋಗಿದ್ದೆ. ಆ ಅಧಿಕಾರಿ ಗಾಡಿಯ ಕಾಗದದಲ್ಲಿದ್ದ ನಮ್ಮ ವಿಳಾಸ ಹಾಕಿ ಕಂಪ್ಯೂಟರಿನಲ್ಲಿ ಹುಡುಕಿ, "ನಿಮ್ಮ ಮನೇಲೇ ಒಬ್ಬರಿಗೆ ಈ ಲೈಸೆನ್ಸ್ ಇದೆಯಲ್ಲ ಅಜ್ಜೀ, ಬೇರೆಯವರನ್ನ ಯಾಕೆ ಹುಡುಕ್ತೀರಿ" ಎಂದು ಪರದೆಯನ್ನು ನನ್ನ ಕಡೆ ತಿರುಗಿಸಿದಳು. ನಿನ್ನ ಫೋಟೋ ಇತ್ತು. ನೀಲಿ ಸೀರೆ. ಲೈಸೆನ್ಸ್ ಕೊಟ್ಟ ತಾರೀಕು ನೋಡಿದೆ. ಆ ಲಕೋಟೆಯ ತಾರೀಕಿನಿಂದ ಸರಿಯಾಗಿ ನಲವತ್ತು ದಿನಕ್ಕೆ. ನೀನೂ ಅದನ್ನು ಓದಿದ್ದೆ. ವಾರಕ್ಕೆರಡು ಸಲ ಹಲ್ಲಿನ ಡಾಕ್ಟರ್ ಎಂದು ಹೋಗುತ್ತಿದ್ದೆಯಲ್ಲ, ಆ ಹಲ್ಲು ಇದೇ ಎಂದು ಈಗ ತಿಳಿಯಿತು.

ಅವನಿಗೆ ಹೇಳಿದೆ. ಡ್ರಮ್ಮಿನ ಮೇಲೆ ಹಾಗೇ ಕೂತುಬಿಟ್ಟ. "ನಾನೇ ಹೇಳಲಿ ಅಂತ ನಾಲ್ಕು ವರ್ಷ ಪಕ್ಕದಲ್ಲೇ ಕೂತು ಕಾದಳಲ್ಲಮ್ಮಾ" ಎಂದ. ಅಷ್ಟೇ.

ನೀನು ಯಾಕೆ ಬಾಯಿಬಿಡಲಿಲ್ಲ ಎಂದು ಅವನಿಗೆ ಹೊಳೆದಿಲ್ಲ, ನನಗೆ ಹೊಳೆದಿದೆ. ಗಾಡಿ ಕೊಂಡ ದಿನ, ಮಾರುವವನ ಎದುರಿಗೆ, ನೀನು ಆಸೆಯಿಂದ ಸ್ಟಿಯರಿಂಗ್ ಹಿಡಿದು ಕೂತಿದ್ದೆ. "ಇಳಿಯಮ್ಮಾ, ಅದೇನು ನಿಮ್ಮಕ್ಕನ ಹೊಲಿಗೆ ಮಿಷನ್ನಾ" ಎಂದು ನಾನು ನಕ್ಕೆ. ಎಲ್ಲರೂ ನಕ್ಕರು. ನೀನು ಇಳಿದೆ, ಆಮೇಲೆ ಒಂದು ದಿನವೂ ಆ ಸೀಟಿನ ಕಡೆ ನೋಡಲಿಲ್ಲ.

ಅವನು ಪಾಸಾಗಲಿ, ಫೇಲಾಗಲಿ, ಈ ಮನೆಯನ್ನು ಇಲ್ಲಿಂದ ಹೊರಡಿಸುವವಳು ನೀನೇ. ನಿನಗೆ ಬರಲು ಮನಸ್ಸಿಲ್ಲದಿದ್ದರೆ ಇದು ಇಲ್ಲೇ ನಿಂತಿರಲಿ, ನನಗೇನೂ ಅವಸರವಿಲ್ಲ. ಇಳಿ ಎಂದವಳು ನಾನು, ಆದ್ದರಿಂದ ಕರೆಯಬೇಕಾದವಳೂ ನಾನೇ. ಬಂದು ಹತ್ತು, ಮಗಳೇ.