ಬಿದ್ದ ಕಪ್ಪಿಗೆ ಬೇರೆ ಪಾಠ

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿ,

ಚೆನ್ನಾಗಿದ್ದೀಯಾ? ಅಳಿಯಂದಿರು ಆರೋಗ್ಯವೇ? ನಿನ್ನ ಕಾಗದಕ್ಕೆ ಇಷ್ಟು ದಿನ ಉತ್ತರ ಬರೆಯದೆ ಸುಮ್ಮನಿದ್ದೆ. ಕೆಲಸ ಜಾಸ್ತಿ ಎಂದು ನೆಪ ಹೇಳಬಹುದಿತ್ತು. ನಿಜವೆಂದರೆ, ಸಿಟ್ಟು ಇಳಿಯಲಿ ಎಂದು ಕಾಯುತ್ತಿದ್ದೆ. ಇಳಿಯಲಿಲ್ಲ. ಅದಕ್ಕೇ ಬರೆಯಲು ಕೂತೆ.

ಹೋಟೆಲಿನಲ್ಲಿ ಬಡಿಸುವವರಿಗೆ ಇಂಗ್ಲಿಷ್, ಚೀನೀ ಕಲಿಸುವ ನನ್ನ ತರಗತಿ ಎಂದಿನಂತೆ ಊಟದ ಮೇಜುಗಳ ನಡುವೆಯೇ ನಡೆಯುತ್ತಿದೆ. ಈ ವಾರ ಮ್ಯಾನೇಜರ್ ಬಂದು, "ಮೇಡಂ, ಕೈಜಾರಿ ಬೀಳಿಸೋದು, ಮರ್ಯಾದೆ ಇಲ್ದೆ ನಡ್ಕೊಳ್ಳೋದು, ಎರಡಕ್ಕೂ ಬೇಕಾದ ಮಾತುಗಳನ್ನ ಒಂದೇ ಪಾಠದಲ್ಲಿ ಮುಗಿಸಿಬಿಡಿ. ಗಿರಾಕಿಗಳಿಗೆ ಎರಡೂ ಒಂದೇ" ಎಂದರು. "ನನಗೆ ಒಂದೇ ಅಲ್ಲ" ಎಂದೆ. ಮುಖ ಹುಳ್ಳಗೆ ಮಾಡಿಕೊಂಡು ಹೋದರು. ಹೋಗಲಿ.

ಬೇರೆ ಬೇರೆಯಾಗಿಯೇ ಕಲಿಸಿದೆ. ಕೈಯಲ್ಲಿ ಏನೂ ನಿಲ್ಲದವರನ್ನು ಇಂಗ್ಲಿಷಿನವರು ‘ಬೆರಳೆಲ್ಲ ಹೆಬ್ಬೆರಳೇ’ ಎಂದು ನಗುತ್ತಾರೆ. ಚೀನೀಯರು ‘ಕೈಯೂ ದಡ್ಡ, ಕಾಲೂ ದಡ್ಡ’ ಎನ್ನುತ್ತಾರೆ. ದೂರೆಲ್ಲ ಪಾಪ ಕೈಕಾಲಿನ ಮೇಲೆ. ಒರಟು ನಡತೆಗಾದರೆ ಇಂಗ್ಲಿಷಿನವರು ಆ ಮನುಷ್ಯನನ್ನಷ್ಟೇ ಬೈದು ಬಿಡುತ್ತಾರೆ. ಚೀನೀಯರು ‘ಮನೆಯಲ್ಲಿ ಕಲಿಸಿಲ್ಲ’ ಎಂದು ಹೆತ್ತವರನ್ನೂ ಎಳೆದು ತರುತ್ತಾರೆ.

ಬಡಿಸುವ ಹುಡುಗಿಯೊಬ್ಬಳು ಕೇಳಿದಳು: "ಮೇಡಂ, ಕಪ್ ಬೀಳಿಸಿದೋರನ್ನ ಎಲ್ಲರ ಮುಂದೆ ಆಡಿಕೊಳ್ಳೋರು ಯಾವ ಪಾಠಕ್ಕೆ ಬರ್ತಾರೆ?"

"ಎರಡನೇ ಪಾಠಕ್ಕೆ" ಎಂದೆ. ಎಲ್ಲರೂ ನಕ್ಕರು.

ನನಗೆ ನಿಮ್ಮ ಮನೆಯ ಮೇಜೇ ಕಣ್ಣೆದುರು ಬಂತು. ಹೋದ ಸಲ ಊಟಕ್ಕೆ ಬಂದಾಗ ನನ್ನ ಕೈಯಿಂದ ಕಪ್ ಜಾರಿ ಬಿಳಿ ಮೇಜುಬಟ್ಟೆಯ ತುಂಬ ಕಾಫಿ ಚೆಲ್ಲಿತು. ಒರೆಸಿದೆ, ಕ್ಷಮೆಯನ್ನೂ ಕೇಳಿದೆ. ಆದರೂ ನಿನ್ನ ಅತ್ತೆ, "ಕೆಲವರ ಮನೇಲಿ ಕೂತು ತಿನ್ನೋದನ್ನೂ ಕಲಿಸಿರಲ್ಲ" ಎಂದರು. ನನ್ನದು ಮೊದಲ ಪಾಠ, ಅವರದು ಎರಡನೆಯದು.

ಮುಂದಿನ ತಿಂಗಳ ಊಟಕ್ಕೆ ‘ನೀನು ಬರದಿದ್ದರೂ ನಡೆಯುತ್ತೆ ಅಮ್ಮ’ ಎಂದು ಬರೆದಿದ್ದೀಯ. ಬಂದೇ ಬರುತ್ತೇನೆ. ಅದೇ ಕುರ್ಚಿಯಲ್ಲಿ ಕೂತು ಅದೇ ಪಿಂಗಾಣಿ ಕಪ್ಪಿನಲ್ಲಿ ಕುಡಿಯುತ್ತೇನೆ. ನನಗೊಬ್ಬಳಿಗೇ ಒಡೆಯದ ಲೋಟ ಇಟ್ಟರೆ ವಾಪಸ್ ಕಳಿಸುತ್ತೇನೆ. ಬಿದ್ದರೆ ಬೀಳಲಿ, ಒರೆಸಲು ನನಗೆ ಬರುತ್ತದೆ.

ಮಳೆಗಾಲದ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ನಿಮ್ಮಿಬ್ಬರ ಬಾಳು ನಗುನಗುತ್ತಿರಲಿ.

ನಿನ್ನ ಅಮ್ಮ

ತಾ.ಕ.: ಅತ್ತೆಯ ಮಾತನ್ನು ಅಲ್ಲೇ ಕೊಡವಿಕೊಂಡು ಎದ್ದು ಬಂದೆ. ಆದರೆ ನೀನು, "ಬಿಡಿ ಅತ್ತೆ, ಅಮ್ಮನಿಗೆ ಇದೆಲ್ಲ ಗೊತ್ತಾಗಲ್ಲ" ಎಂದು ಅವರ ಜೊತೆ ಸೇರಿ ನಕ್ಕೆಯಲ್ಲ, ಅದು ಹೋಗುತ್ತಿಲ್ಲ. ಚೀನೀಯರ ಪ್ರಕಾರ ಆ ನಗುವಿಗೂ ನಾನೇ ಹೊಣೆ. ಇದೊಂದನ್ನು ಮಾತ್ರ ನಾನು ಒಪ್ಪುವುದಿಲ್ಲ ಪುಟ್ಟಿ. ನಮ್ಮ ಮನೆಯಲ್ಲಿ ನಿನಗೆ ಅದನ್ನು ಕಲಿಸಿರಲಿಲ್ಲ.